ಬಾಸ್ ಇಲ್ಲದ ಕೋಲಾರದಲ್ಲಿ ಬಾಸ್ ಲೂರ್

ಕೋಲಾರದ ಕೆರೆಗಳಲ್ಲಿ ಅಮೆರಿಕದ ಬಾಸ್ ಮೀನಿಲ್ಲ. ಇರಬಾರದು ಕೂಡ, ಆ ಮಾತಿಗೆ ಆಮೇಲೆ ಬರುತ್ತೇನೆ. ಆದರೂ ವರ್ಷದ ಹೆಚ್ಚಿನ ದಿನ ನನ್ನ ರಾಡಿನ ತುದಿಯಲ್ಲಿ ತೂಗುವುದು ಬಾಸ್‌ಗೆಂದೇ ಹುಟ್ಟಿದ ಲೂರ್, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಎರೆ. ಬ್ಲೇಡೆಡ್ ಜಿಗ್ ಅಂತ ಅದರ ಹೆಸರು. ಲೂರ್ ಹಾಕುವವರ ಬಾಯಲ್ಲಿ ಚಾಟರ್‌ಬೈಟ್. ಚಾಟರ್‌ಬೈಟ್ ಅನ್ನುವುದು ಒಂದು ಕಂಪನಿಯ ಬ್ರ್ಯಾಂಡ್, ಆದರೆ ಈಗ ಅದೇ ಜಾತಿಯ ಎಲ್ಲದಕ್ಕೂ ಆ ಹೆಸರೇ ಅಂಟಿಕೊಂಡಿದೆ.

ನಮ್ಮ ಜಿಲ್ಲೆಯಲ್ಲಿ ಲೂರ್ ಹಾಕುವ ಹುಡುಗರ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ರಬ್ಬರ್ ಕಪ್ಪೆ. ಕೊರಮೀನಿಗೆ ಕಪ್ಪೆ, ಮುಗೀತು ಅಂತ ಎಲ್ಲರ ಲೆಕ್ಕ. ಅದರಲ್ಲಿ ತಪ್ಪೇನಿಲ್ಲ. ತಾವರೆ ಎಲೆಗಳ ಮೇಲೆ ಕಪ್ಪೆ ಎಳೆಯುವಾಗ ನೀರು ಸೀಳಿಕೊಂಡು ಬರುವ ಕೊರಮೀನಿನ ಏಟು ಒಮ್ಮೆ ನೋಡಿದರೆ ಸಾಕು, ರಾತ್ರಿ ನಿದ್ದೆ ಬರಲ್ಲ. ನನಗೂ ಕಪ್ಪೆ ಇಷ್ಟವೇ. ಆದರೆ ಬೆಳಗ್ಗೆ ಎಂಟರ ಹೊತ್ತಿಗೆ ಬಿಸಿಲೇರಿ ಮೀನು ಮೇಲಿಂದ ಕೆಳಗೆ ಇಳಿದ ಮೇಲೆ ಕಪ್ಪೆಯ ಆಟ ನಿಂತುಹೋಗುತ್ತದೆ. ಗಾಳಿ ಎದ್ದು ನೀರು ಅಲೆಯಾಡಿದರೂ ಅಷ್ಟೇ. ಹಾಗಾದಾಗ ಹೆಚ್ಚಿನವರು ರಾಡ್ ಮಡಚಿ ಟೀ ಅಂಗಡಿಗೆ ಹೋಗುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆಗಲೇ ಅಂತ ನನ್ನ ಅನುಭವ.

ಈ ಲೂರ್ ಹಿಡಿದ ಮೇಲೆ ನನ್ನಲ್ಲಿ ಗಟ್ಟಿಯಾದ ಒಂದು ನಂಬಿಕೆ ಇದೆ. ಯಾವ ಮೀನಿಗೆ ಯಾವ ಲೂರ್ ಅಂತ ಎಲ್ಲರೂ ಕೇಳುತ್ತಾರೆ. ಯಾವ ನೀರಿಗೆ ಯಾವ ಲೂರ್ ಅಂತ ಕೇಳಬೇಕು. ಮೀನು ಬೇರೆಯಾದರೂ ನೀರು ಒಂದೇ ಥರ ಇದ್ದರೆ ಲೂರ್ ಕೆಲಸ ಮಾಡುತ್ತದೆ. ಎಲ್ಲೋ ಫ್ಲೋರಿಡಾದಲ್ಲಿ ಹೆಸರು ಮಾಡಿದ ತಗಡಿನ ಚೂರೊಂದು ನರಸಾಪುರದ ಆಸುಪಾಸಿನಲ್ಲಿ ಕೊರಮೀನು ಹಿಡಿದುಕೊಡುವುದು ಹಾಗಾಗಿಯೇ.

ಅದರ ಕಥೆ ಚಿಕ್ಕದು. ಅಮೆರಿಕದ ಸೌತ್ ಕೆರೊಲಿನಾದಲ್ಲಿ ರಾನ್ ಡೇವಿಸ್ ಅನ್ನುವವರು ಮಗನ ಜೊತೆ ಸೇರಿ ಈ ಲೂರ್ ಮಾಡಿದರು. ಮೊದಮೊದಲು ಅಪ್ಪ ಮಗನ ಸಣ್ಣ ವ್ಯಾಪಾರ. 2006ರ ಆರಂಭದಲ್ಲಿ ಫ್ಲೋರಿಡಾದ ಒಕಿಚೋಬಿ ಸರೋವರದಲ್ಲಿ ನಡೆದ ಬಾಸ್ ಹಿಡಿಯುವ ಪಂದ್ಯವನ್ನು ಬ್ರಯಾನ್ ಥ್ರಿಫ್ಟ್ ಇದೇ ಲೂರ್ ಹಾಕಿ ಗೆದ್ದರು. ಅಲ್ಲಿಂದ ಎಲ್ಲರಿಗೂ ಇದೇ ಬೇಕಾಯಿತು. ಆಮೇಲೆ ಇದು ಅದೇ ರಾಜ್ಯದ ಝೀ-ಮ್ಯಾನ್ ಕಂಪನಿಯ ಕೈಗೆ ಬಂತು. ಮುಂದೆ ಆ ಕಂಪನಿ ಜಪಾನಿನ ಎವರ್‌ಗ್ರೀನ್ ಜೊತೆ ಸೇರಿ ಜಾಕ್‌ಹ್ಯಾಮರ್ ಅನ್ನುವ ಮಾದರಿ ತಂದಿತು. ಬ್ರೆಟ್ ಹೈಟ್, ಮೊರಿಜೊ ಶಿಮಿಜು ಅನ್ನುವ ಇಬ್ಬರು ವೃತ್ತಿಪರ ಬಾಸ್ ಆಟಗಾರರ ಕೈ ಅದರಲ್ಲಿದೆ. ಇವತ್ತಿಗೂ ಉಳಿದ ಬ್ಲೇಡೆಡ್ ಜಿಗ್‌ಗಳನ್ನು ಅದರ ಪಕ್ಕ ಇಟ್ಟೇ ತೂಗಿ ನೋಡುತ್ತಾರೆ.

ಒಕಿಚೋಬಿ ಹೆಸರು ಸುಮ್ನೆ ಹೇಳಲಿಲ್ಲ. ಅದು ಸುಮಾರು 1,900 ಚದರ ಕಿಲೋಮೀಟರ್ ಹರಡಿದ ಸರೋವರ. ನಮ್ಮ ಕೋಲಾರ ಜಿಲ್ಲೆಯ ಹತ್ತಿರ ಹತ್ತಿರ ಅರ್ಧದಷ್ಟು. ಅಷ್ಟಾದರೂ ಅದರ ಸರಾಸರಿ ಆಳ ಬರೀ 9 ಅಡಿ. ಅಂದರೆ ಅದು ಸಮುದ್ರದಷ್ಟು ಅಗಲದ ಒಂದು ಕೆರೆ, ಅಷ್ಟೇ. ಗಾಳಿ ಬೀಸಿದರೆ ತಳದ ಕೆಸರು ಮೇಲೇಳುತ್ತದೆ. ಅಂಚಿನಲ್ಲಿ ಜೊಂಡು, ಒಳಗೆ ನೀರುಹುಲ್ಲು. ಕಣ್ಣಿಗಿಂತ ಮೈಯಿಂದಲೇ ಬೇಟೆ ಹುಡುಕಬೇಕಾದ ನೀರು. ಇದನ್ನು ಓದಿದಾಗ ನನಗೆ ಅಮೆರಿಕ ಕಾಣಲಿಲ್ಲ, ನಮ್ಮೂರ ಏರಿಯ ಮೇಲೆ ನಿಂತು ನೋಡುವ ನೋಟವೇ ಕಂಡಿತು.

ಲೂರನ್ನು ಕೈಯಲ್ಲಿ ಹಿಡಿದು ನೋಡಿ. ಸೀಸದ ಒಂದು ತಲೆ, ಅದರಿಂದ ಹೊರಟ ಒಂಟಿ ಹುಕ್, ಹುಕ್ಕಿನ ಸುತ್ತ ಸಿಲಿಕಾನ್ ಎಳೆಗಳ ಲಂಗ. ಹಿಂದೆ ಒಂದು ಮೆತ್ತನೆಯ ಪ್ಲಾಸ್ಟಿಕ್ ಮೀನು, ಅದಕ್ಕೆ ಟ್ರೇಲರ್ ಅಂತಾರೆ. ಇಷ್ಟೇ ಆಗಿದ್ದರೆ ಅದು ಬರೀ ಜಿಗ್. ತಲೆಯ ಮುಂದೆ ಆರು ಮೂಲೆಯ ಒಂದು ಸ್ಟೀಲ್ ತಗಡಿದೆ. ಉದ್ದದಲ್ಲಿ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಎರಡು ತೂತು. ಒಂದು ತೂತು ಹುಕ್ಕಿನ ಕಣ್ಣಿಗೆ, ಇನ್ನೊಂದು ತೂತಿನಲ್ಲಿ ಸಣ್ಣ ಕೊಂಡಿ. ನಾವು ದಾರ ಕಟ್ಟುವುದು ಆ ಕೊಂಡಿಗೆ. ಎಳೆದಾಗ ನೀರು ತಗಡಿಗೆ ಎದುರಾಗಿ ಒತ್ತುತ್ತದೆ. ತಗಡು ಒಂದು ಕಡೆ ವಾಲುತ್ತದೆ, ತಲೆಗೆ ಬಡಿಯುತ್ತದೆ, ತಕ್ಷಣ ಇನ್ನೊಂದು ಕಡೆ ವಾಲುತ್ತದೆ. ಒಂದೇ ಸಮನೆ ಆ ಬಡಿತ. ಲಂಗ, ಟ್ರೇಲರ್ ಎಲ್ಲ ಅದರ ಜೊತೆ ಅಲುಗುತ್ತವೆ. ಹಳೇ ಬಸ್ಸಿನ ಕಿಟಕಿಯ ಸಡಿಲ ಗಾಜಿನ ಮೇಲೆ ಕೈಯಿಟ್ಟ ಹಾಗೆ ಆ ನಡುಕ ದಾರದಲ್ಲಿ ಹರಿದು ರಾಡಿಗೆ, ರಾಡಿನಿಂದ ಅಂಗೈಗೆ ಬರುತ್ತದೆ.

ಮೀನಿಗೆ ಆ ನಡುಕ ತಿಳಿಯುವ ದಾರಿ ಬೇರೆ. ಕಿವಿರಿನ ಹಿಂದಿನಿಂದ ಬಾಲದವರೆಗೆ ಮೈಯ ಎರಡೂ ಬದಿಯಲ್ಲಿ ಒಂದು ಗೆರೆ ಇರುತ್ತದಲ್ವಾ, ಅದರಲ್ಲಿ ಸೂಕ್ಷ್ಮ ಕೂದಲಿನಂಥ ಜೀವಕೋಶಗಳಿವೆ. ಹತ್ತಿರದ ನೀರು ಅಲುಗಿದರೆ ಅವು ಬಾಗುತ್ತವೆ. ಬೇಟೆ ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಅಂತ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಕೊರಮೀನು ಕೈಗೆ ಸಿಕ್ಕಾಗ ಆ ಗೆರೆಯನ್ನು ಗಮನಿಸಿ. ತಲೆಯಿಂದ ನೇರ ಬಂದು ಒಂದು ಕಡೆ ಥಟ್ಟನೆ ಕೆಳಗಿಳಿದು ಮತ್ತೆ ಮುಂದುವರಿಯುತ್ತದೆ. ಬಾಸ್‌ಗೂ ಕೊರಮೀನಿಗೂ ಹತ್ತಿರದ ನಂಟಿಲ್ಲ, ಆದರೆ ಕಲಕಿದ ನೀರಿನಲ್ಲಿ ಇಬ್ಬರ ಬೇಟೆಯೂ ನಡೆಯುವುದು ಆ ಗೆರೆಯ ಬಲದಿಂದ.

ನಮ್ಮ ನೀರಿನ ವಿಷಯ ಸ್ವಲ್ಪ ಹೇಳಲೇಬೇಕು. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ನಾನು ಹುಡುಗನಾಗಿದ್ದಾಗ ಕೆರೆ ಅಂದರೆ ಒಣಗಿದ ಬಯಲು. ನಮಗೆ ಅದು ಕ್ರಿಕೆಟ್ ಗ್ರೌಂಡ್. ತೂಬಿನ ಹತ್ತಿರ ಹೊಡೆದರೆ ನಾಲ್ಕು, ಏರಿ ದಾಟಿದರೆ ಆರು. ಮಧ್ಯೆ ಅಲ್ಲಲ್ಲಿ ಸೀಮೆಜಾಲಿ ಗಿಡ ಎದ್ದು, ನೋಡನೋಡುತ್ತಾ ಕಾಡಾಯಿತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಿ ಮಾಡಿ, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿಟ್ಟು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಸುವ ಯೋಜನೆ. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಅನ್ನುವುದು ಗುರಿ. ಮುಂದಿನ ತಿಂಗಳೇ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ಜಿಲ್ಲೆಯಲ್ಲಿ ಹೋರಾಟ ನಡೆದಿದೆ. ನಾನೂ ಆ ಮಾತಿನ ಪರವೇ. ಕೆರೆ ತುಂಬಿದ್ದಕ್ಕೆ ಖುಷಿಯೂ ಇದೆ, ಆ ನೀರಿನ ಬಣ್ಣ ನೋಡಿದಾಗ ಸಂಕಟವೂ ಆಗುತ್ತದೆ. ಎರಡೂ ನಿಜ.

ಬಣ್ಣ ಹಸಿರು. ಪಾಚಿಗೆ ಬೇಕಾದ ಸತ್ವ ಆ ನೀರಿನಲ್ಲಿ ಜಾಸ್ತಿ. ಮೊಣಕೈ ಮಟ್ಟಕ್ಕೆ ಕೈ ಮುಳುಗಿಸಿದರೆ ಬೆರಳು ಕಾಣಲ್ಲ. ಆಮೇಲೆ 2021ರ ನವೆಂಬರ್ ಮಳೆ. ದಶಕಗಳಿಂದ ಕೋಡಿ ಹರಿಯದ ಎಷ್ಟೋ ಕೆರೆಗಳು ಆ ತಿಂಗಳು ಕೋಡಿ ಹರಿದವು. ಒಣಗಿದ ಬಯಲಿನಲ್ಲಿ ಬೆಳೆದಿದ್ದ ಜಾಲಿ ಕಾಡು ಹಾಗೇ ನೀರಿನೊಳಗೆ ನಿಂತಿತು. ಮರ ಸತ್ತಿತು, ಕೊಂಬೆ ಉಳಿಯಿತು. ಮೀನಿಗೆ ಇದಕ್ಕಿಂತ ಒಳ್ಳೆಯ ಮನೆ ಯಾರೂ ಕಟ್ಟಿಕೊಡಲಾರರು.

ಈಗ ಲೂರಿಗೆ ವಾಪಸ್ ಬರೋಣ. ಬಾಸ್ ಹಿಡಿಯುವವರು ಈ ಲೂರಿನ ಬಗ್ಗೆ ಮತ್ತೆ ಮತ್ತೆ ಹೇಳುವ ಒಂದು ಮಾತಿದೆ: ನಡುಕ ನಿಂತಿತಾ, ಎಳಿ. ಕಪ್ಪೆ ಹಾಕುವಾಗ ಏಟು ಕಣ್ಣಿಗೆ ಕಾಣುತ್ತದೆ. ತಗಡು ಗಿರಗಿರ ತಿರುಗುವ ಸ್ಪಿನ್ನರ್ ಲೂರಿನಲ್ಲಿ ಏಟು ಕೈಗೆ ಗುದ್ದುತ್ತದೆ. ಇದರಲ್ಲಿ ಎಷ್ಟೋ ಸಲ ಏಟೇ ಇಲ್ಲ. ಒಂದೇ ಸಮನೆ ಬರುತ್ತಿದ್ದ ನಡುಕ ಇದ್ದಕ್ಕಿದ್ದಂತೆ ಮಾಯ. ದಾರ ಸಡಿಲ. ಹಿಂದಿನಿಂದ ಬಂದ ಮೀನು ಲೂರನ್ನು ಬಾಯಲ್ಲಿಟ್ಟುಕೊಂಡು ನಮ್ಮ ಕಡೆಗೇ ಈಜುತ್ತಿದೆ ಅಂತ ಅರ್ಥ. ಇಲ್ಲವೇ ತಗಡಿಗೆ ಹುಲ್ಲು ಸಿಕ್ಕಿದೆ. ಯಾವುದು ಅಂತ ಯೋಚಿಸುತ್ತಾ ನಿಂತರೆ ಕೊರಮೀನು ಉಗುಳಿ ಹೋಗಿರುತ್ತದೆ. ಹಾಗಾಗಿ ರೀಲ್ ಎರಡು ಸುತ್ತು ಬೇಗ ತಿರುಗಿಸಿ, ದಾರ ಬಿಗಿ ಮಾಡಿ, ಎಳೆದುಬಿಡಬೇಕು. ಹುಲ್ಲಾಗಿದ್ದರೆ ಹುಲ್ಲು ಬಿಡುತ್ತದೆ, ನಡುಕ ಮತ್ತೆ ಶುರುವಾಗುತ್ತದೆ. ಎಷ್ಟೋ ಸಲ ಹುಲ್ಲಿನಿಂದ ಕಿತ್ತುಕೊಂಡು ಲೂರ್ ಚಿಮ್ಮಿದ ಆ ಕ್ಷಣಕ್ಕೇ ಮೀನು ಹಿಡಿಯುತ್ತದೆ. ಹೆದರಿ ಓಡುವ ಮರಿಮೀನಿನ ಹಾಗೆ ಅದು ಅಡ್ಡಾದಿಡ್ಡಿ ಹಾರುವುದೇ ಇದಕ್ಕೆ ಕಾರಣ ಅಂತ ನನ್ನ ಲೆಕ್ಕ.

ಕೈಯಲ್ಲಿ ತಿಳಿಯುವುದು ಮೀನೊಂದೇ ಅಲ್ಲ. ಈ ಲೂರ್ ನನಗೆ ಇಷ್ಟವಾಗಲು ದೊಡ್ಡ ಕಾರಣ ಅದು. ಜೊಂಡಿನ ಬೇರಿಗೆ ತಗುಲಿದರೆ ನಡುಕ ಮಂಕಾಗುತ್ತದೆ. ಜಾಲಿ ಕೊಂಬೆಗೆ ತಗುಲಿದರೆ ಟಕ್ ಅಂತ ಒಂದು ಗಟ್ಟಿ ಬಡಿತ, ತಗಡು ಮೊದಲು ಹೋಗಿ ಕೊಂಬೆಗೆ ಬಡಿದು ಹುಕ್ಕನ್ನು ಪಕ್ಕಕ್ಕೆ ಸರಿಸುತ್ತದೆ. ಕೆಸರಿನ ಮೇಲೆ ಹೋದರೆ ಭಾರ. ಗಟ್ಟಿ ನೆಲದ ಮೇಲೆ ತಲೆ ತಟ್ಟಿದರೆ ಸಣ್ಣ ಸಣ್ಣ ಕುಟುಕು. ಒಂದು ಕೆರೆಯಲ್ಲಿ, ಹೆಸರು ಬರೆಯಲ್ಲ, ಬರೆದರೆ ಮುಂದಿನ ಭಾನುವಾರ ಏರಿ ತುಂಬಾ ಬೈಕ್ ನಿಲ್ಲುತ್ತವೆ, ಅಲ್ಲಿ ನಾನು ಹುಡುಗನಾಗಿದ್ದಾಗ ಆಡಿದ ಪಿಚ್ ಈಗ ಐದಾರು ಅಡಿ ನೀರಿನಡಿ ಇದೆ. ತುಳಿದು ತುಳಿದು ಗಟ್ಟಿಯಾಗಿದ್ದ ಆ ಪಟ್ಟಿಯ ಮೇಲೆ ಲೂರ್ ಹಾದರೆ ಕೈಗೆ ಗೊತ್ತಾಗುತ್ತದೆ. ಸುತ್ತಲೂ ಮೆತ್ತಗೆ, ಅಲ್ಲಿ ಮಾತ್ರ ಗಟ್ಟಿ. ಆ ಗಟ್ಟಿ ಜಾಗದ ಅಂಚಿನಲ್ಲೇ ಜಿಲೇಬಿ ಮೀನುಗಳು ಗೂಡು ತೋಡುತ್ತವೆ. ಜಿಲೇಬಿ ಇದ್ದಲ್ಲಿ ಕೊರಮೀನು ಬರುತ್ತದೆ.

ಅದೇ ಕೆರೆಯ ಏರಿಗೆ ಒಬ್ಬ ತಾತ ಬರುತ್ತಾರೆ. ಅವರ ಮನೆತನ ನೀರುಗಂಟಿಗಳದ್ದು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚುವುದು ಆ ಮನೆಯವರ ಕೆಲಸವಾಗಿತ್ತು. ಎತ್ತುವ ತೂಬೇ ಇಲ್ಲದ ಕಾಲದಲ್ಲಿ ಅವರ ಅರ್ಧ ಆಯುಷ್ಯ ಕಳೆಯಿತು. ಒಂದು ಸಂಜೆ ನನ್ನ ಲೂರ್ ಕಲ್ಲಿಗೆ ಬಡಿದು ನಿಂತು ಮತ್ತೆ ಹೊರಟಿತು. ರಾಡ್ ತುದಿ ಕುಣಿದದ್ದನ್ನು ಅವರು ನೋಡಿದರು.

“ತಗುಲ್ತಾ ಅಪ್ಪಾ?”

“ಮೀನಲ್ಲ ತಾತಾ, ಏನೋ ಕಲ್ಲು.”

“ಅದು ಬಾವಿ ಕಟ್ಟೆ ಕಣಪ್ಪಾ. ಬರಗಾಲದಲ್ಲಿ ತೋಡಿದ್ದು. ಅದರ ಆಕಡೆ ಹಾಕು, ಆಳ ಐತೆ.”

ಆ ಕಡೆ ಹಾಕಿದೆ. ತಳ ಸಿಗಲೇ ಇಲ್ಲ, ಲೂರ್ ಇಳಿಯುತ್ತಲೇ ಹೋಯಿತು. ಅವರು ಕುಳಿತಲ್ಲಿಂದಲೇ ಬೆರಳು ತೋರಿಸುತ್ತಾ ಹೋದರು. ಅಲ್ಲಿ ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ, ಇಲ್ಲಿ ರಾಜಕಾಲುವೆ ಬಂದು ಸೇರುವ ಬಾಯಿ, ಆ ಒಂಟಿ ಕೊಂಬೆ ಕಾಣುವ ಕಡೆ ಗೋಡು ಹೊಡೆದ ಹಳ್ಳ. ನಾನು ಒಂದೊಂದಕ್ಕೂ ಲೂರ್ ಎಸೆದು ಕೈಯಲ್ಲಿ ಪರೀಕ್ಷೆ ಮಾಡಿದೆ. ಅವರು ಹೇಳಿದ ಕಡೆ ತಳ ಜಾರುತ್ತಿತ್ತು, ಹೇಳಿದ ಕಡೆ ಏರುತ್ತಿತ್ತು. ಸೋನಾರ್ ಯಂತ್ರ ಇಟ್ಟುಕೊಂಡು ದೋಣಿಯಲ್ಲಿ ಓಡಾಡುವ ಅಮೆರಿಕದ ಬಾಸ್ ಆಟಗಾರನಿಗೆ ಪರದೆಯ ಮೇಲೆ ಕಾಣುವುದು ನನಗೆ ಆ ಸಂಜೆ ಒಬ್ಬ ಹಿರಿಯರ ನೆನಪಿನಿಂದ ಸಿಕ್ಕಿತು. ಅವರಿಗೂ ಖುಷಿಯಾಯಿತು. ಕೆರೆಯ ನೆಲ ಹೇಗಿತ್ತು ಅಂತ ಅವರನ್ನು ಈಗ ಯಾರೂ ಕೇಳುವುದಿಲ್ಲ.

ಬಾಸ್ ಆಟಗಾರರ ಎಲ್ಲ ಮಾತನ್ನೂ ಇಲ್ಲಿ ಹಾಗೇ ಪಾಲಿಸಲು ಆಗಲ್ಲ. ನೀರು ಹೊಂದಿದರೆ ಲೂರ್ ಹೊಂದುತ್ತದೆ, ಸರಿ. ಆದರೆ ಏಟು ಬಿದ್ದ ಮೇಲೆ ಲೆಕ್ಕ ಮೀನಿನದು. ಅವರು ಮೆತ್ತನೆ ಬಾಗುವ ರಾಡ್ ತಗೊಳ್ಳಿ ಅಂತಾರೆ, ಗ್ಲಾಸ್ ಫೈಬರ್ ಸೇರಿದ್ದಾದರೆ ಇನ್ನೂ ಒಳ್ಳೇದು ಅಂತಾರೆ. ಬಾಸ್ ಬಾಯಿ ತೆರೆದು ನೀರಿನ ಜೊತೆ ಲೂರನ್ನು ಒಳಗೆ ಎಳೆದುಕೊಳ್ಳುತ್ತದೆ. ಗಡುಸು ರಾಡಿನಲ್ಲಿ ಬೇಗ ಎಳೆದರೆ ಲೂರ್ ಬಾಯಿಂದ ಹೊರಬರುತ್ತದೆ. ಕೊರಮೀನು ಹಾಗಲ್ಲ. ಅದು ನುಗ್ಗಿ ಕಚ್ಚುತ್ತದೆ, ಕಚ್ಚಿ ಹಿಡಿಯುತ್ತದೆ. ಬಾಯೊಳಗೆ ಮೂಳೆ, ಮೊನಚು ಹಲ್ಲು. ಮೆತ್ತನೆ ರಾಡಿನಲ್ಲಿ ಹುಕ್ ಆ ಮೂಳೆಗೆ ಇಳಿಯಲ್ಲ. ಇಳಿದರೂ ಮುಂದಿನ ಗಳಿಗೆಯಲ್ಲಿ ಮೀನು ಜಾಲಿ ಬುಡಕ್ಕೆ ಸುತ್ತಿಕೊಂಡಿರುತ್ತದೆ. ಹಾಗಾಗಿ ನಾನು 7 ಅಡಿಯ ಗಡುಸು ರಾಡನ್ನೇ ಬಳಸುತ್ತೇನೆ. ಅವರು ನೀರಿನಲ್ಲಿ ಸುಲಭಕ್ಕೆ ಕಾಣದ ಫ್ಲೋರೋಕಾರ್ಬನ್ ದಾರ ಕಟ್ಟುತ್ತಾರೆ, ನಾನು 40 ಪೌಂಡ್ ಎಳೆತ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ. ಹಸಿರು ನೀರಿನಲ್ಲಿ ಮೀನು ದಾರ ನೋಡುವ ಮಾತೇ ಇಲ್ಲ. ಬ್ರೇಡ್ ಹಿಗ್ಗುವುದೂ ಇಲ್ಲ, ತಗಡಿನ ಒಂದೊಂದು ಬಡಿತವೂ ಕೈಗೆ ಬರುತ್ತದೆ. ಹಲ್ಲಿಗೆ ಸಿಕ್ಕಿ ಹರಿಯಬಾರದು ಅಂತ ಮುಂದೆ ಒಂದು ಮೊಳ ದಪ್ಪ ದಾರ ಕಟ್ಟಿದರೆ ಆಯಿತು, ಅದಕ್ಕೆ ಲೀಡರ್ ಅಂತಾರೆ.

ತೂಕದಲ್ಲೂ ವ್ಯತ್ಯಾಸ ಇದೆ. ಅಲ್ಲಿ ಅರ್ಧ ಔನ್ಸ್, ಅಂದರೆ 14 ಗ್ರಾಂ, ಸಾಮಾನ್ಯ. ನಮ್ಮ ಕೆರೆಯಂಚಿನ ಮೂರು ನಾಲ್ಕು ಅಡಿ ನೀರಿಗೆ ಅದು ಜಾಸ್ತಿಯಾಯಿತು. ಬಿದ್ದ ತಕ್ಷಣ ಕೆಸರಿಗೆ ಹೂತುಕೊಳ್ಳುತ್ತದೆ. 10 ಗ್ರಾಂ ಚೆನ್ನಾಗಿ ನಡೆಯುತ್ತದೆ, ಇನ್ನೂ ಹಗುರ ಸಿಕ್ಕರೆ ಇನ್ನೂ ಒಳ್ಳೇದು. ಹಗುರ ಲೂರಿನಲ್ಲಿ ತಗಡು ಒಂದೊಂದು ಸಲ ತಾನಾಗಿ ಅಲುಗಲ್ಲ. ನೀರಿಗೆ ಬಿದ್ದ ಕೂಡಲೇ ರಾಡನ್ನು ಒಮ್ಮೆ ಚಿಟುಕಿ ತಗಡನ್ನು ಎಬ್ಬಿಸಬೇಕು. ನಡುಕ ಕೈಗೆ ಬಂದ ಮೇಲೆ ನಿಧಾನ ಮಾಡಿಕೊಳ್ಳಿ. ತಗಡು ಅಲುಗದೆ ಇಡೀ ಎಸೆತ ವಾಪಸ್ ಬಂದರೆ ಆ ಎಸೆತ ದಂಡ.

ಟ್ರೇಲರ್ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ, ಚಿಕ್ಕದು ಹಾಕಿ. ಉದ್ದ ಬಾಲ ಇದ್ದರೆ ಕೊರಮೀನು ಬಾಲ ಮಾತ್ರ ಕತ್ತರಿಸಿಕೊಂಡು ಹೋಗುತ್ತದೆ. ಹುಕ್ಕಿನ ಮೊನೆಯಿಂದ ಬಹಳ ಹಿಂದೆ ಚಾಚದ ಹಾಗೆ ಇರಲಿ. ನೇರವಾಗಿ ಕೂರಬೇಕು ಅನ್ನುವುದು ಇನ್ನೂ ಮುಖ್ಯ. ಸ್ವಲ್ಪ ಸೊಟ್ಟಗೆ ಚುಚ್ಚಿದರೂ ಲೂರ್ ಒಂದು ಕಡೆ ವಾಲಿಕೊಂಡು ಬರುತ್ತದೆ, ನಡುಕ ಕೆಡುತ್ತದೆ. ನಾನು ಚುಚ್ಚುವ ಮೊದಲು ಹುಕ್ಕಿನ ಬುಡಕ್ಕೆ ಒಂದು ತೊಟ್ಟು ಫೆವಿಕ್ವಿಕ್ ಹಾಕುತ್ತೇನೆ. ಅಲುಗಲ್ಲ. ಝೀ-ಮ್ಯಾನ್‌ನ ಎಲಾಸ್ಟೆಕ್ ಪ್ಲಾಸ್ಟಿಕ್ ತಗೊಂಡಿದ್ದರೆ ಬೇರೆ ಮಾಮೂಲಿ ಪ್ಲಾಸ್ಟಿಕ್ ಜೊತೆ ಒಂದೇ ಡಬ್ಬದಲ್ಲಿ ಇಡಬೇಡಿ. ಎರಡೂ ಕರಗಿ ಅಂಟಾಗಿಬಿಡುತ್ತವೆ. ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ಹಸಿರು ನೀರಿಗೆ ಬೆಳಗ್ಗೆ ಬಿಳಿ ಹಳದಿ, ಮುಸ್ಸಂಜೆಗೆ ಕಪ್ಪು. ಇದಕ್ಕಿಂತ ಜಾಸ್ತಿ ನಾನು ತಲೆ ಕೆಡಿಸಿಕೊಳ್ಳಲ್ಲ.

ಎಸೆಯುವ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ನಮ್ಮ ಕೆರೆಗಳ ಮೀನು ಪಾಶುವಾರು ಹಕ್ಕು ಹರಾಜಿನಲ್ಲಿ ಹೋಗಿರುತ್ತದೆ, ಇಲ್ಲವೇ ಮೀನುಗಾರರ ಸಹಕಾರ ಸಂಘದ ಕೈಯಲ್ಲಿರುತ್ತದೆ. ಕಾಟ್ಲಾ, ರೋಹು ಮರಿ ದುಡ್ಡು ಕೊಟ್ಟು ತಂದು ಬಿಟ್ಟವರು ಅವರು. ಹೋಗಿ ಮಾತಾಡಿಸಿ, ಅಣ್ಣಾ ನಾವು ಕೊರಮೀನಿಗೆ ಹಾಕ್ತೀವಿ, ಬಿಟ್ಟುಬಿಡ್ತೀವಿ ಅಂದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಕೊರಮೀನು ಅವರ ಮರಿಗಳನ್ನೇ ತಿನ್ನುತ್ತದೆ, ಹಿಡಿದುಕೊಂಡು ಹೋಗ್ರಪ್ಪ ಅನ್ನುವವರೂ ಇದ್ದಾರೆ.

ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಕಿತ್ತಳೆ ಬಣ್ಣದ ಒಂದು ಉಂಡೆ ಕುದಿಯುವುದು ಕಾಣುತ್ತದೆ. ಅದು ಕೊರಮೀನಿನ ಮರಿಗಳ ಗುಂಪು. ಕೊರಮೀನು ಗಾಳಿ ಕುಡಿದು ಬದುಕುವ ಮೀನು, ಮರಿಗಳೂ ಗಾಳಿಗೆ ಮೇಲೆ ಬರುತ್ತವೆ. ದೊಡ್ಡ ಮೀನು ಅವುಗಳ ಕೆಳಗೇ ಕಾವಲಿರುತ್ತದೆ. ಆ ಉಂಡೆಯ ನಡುವೆ ನಡುಗುವ ತಗಡು ಎಳೆದರೆ ಅದು ಬಂದೇ ಬರುತ್ತದೆ, ಹಸಿವಿನಿಂದ ಅಲ್ಲ, ಮರಿಗಳ ಮೇಲೆ ಬಂದ ಶತ್ರು ಅಂತ. ಹಾಗೆ ಹಿಡಿದ ಫೋಟೋಗಳು ಮೊಬೈಲಿನಲ್ಲಿ ಓಡಾಡುತ್ತವೆ. ನನಗೆ ಅವು ನೋಡಲು ಆಗಲ್ಲ. ಕಾವಲು ಹೋದ ಮೇಲೆ ಜಿಲೇಬಿ, ನೀರುಕಾಗೆ ಎಲ್ಲ ಸೇರಿ ಆ ಮರಿಗಳನ್ನು ಮುಗಿಸುತ್ತವೆ. ಒಂದು ಫೋಟೋಗೆ ಒಂದು ಇಡೀ ಸಂಸಾರ. ದಯವಿಟ್ಟು ಮಾಡಬೇಡಿ. ಉಂಡೆ ಕಂಡರೆ ಬೇರೆ ದಡಕ್ಕೆ ಹೋಗಿ.

ಇದೇ ಲೂರಿಗೆ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಬೀಳುತ್ತದೆ. ಅದನ್ನು ಸಾಕುವುದಕ್ಕೆ 2000ದಲ್ಲೇ ಕೇಂದ್ರ ಸರ್ಕಾರ ನಿಷೇಧ ಹಾಕಿದೆ. ಆದರೂ ಕೆರೆ ಕೆರೆಗೂ ಹಬ್ಬಿದೆ. ಸಿಕ್ಕಿದ್ದನ್ನು ಯಾವ ಕಾರಣಕ್ಕೂ ಮತ್ತೆ ನೀರಿಗೆ ಬಿಡಬೇಡಿ.

ಹಾಗಂತ ಹೇಳಿದಾಗಲೇ ಬಾಸ್ ಮಾತು ಬರುತ್ತದೆ. ವಿಡಿಯೋಗಳನ್ನು ನೋಡಿ ನೋಡಿ ಕೆಲವರಿಗೆ ಆಸೆ. ನಮ್ಮ ಕೆರೆಗೂ ನಾಲ್ಕು ಬಾಸ್ ಮರಿ ತಂದು ಬಿಟ್ಟರೆ ಹೇಗಿರುತ್ತೆ ಅಣ್ಣಾ ಅಂತ ಕೇಳುತ್ತಾರೆ. ಜಪಾನನ್ನು ನೋಡಿ ಅನ್ನುತ್ತೇನೆ. 1925ರಲ್ಲಿ ಅಮೆರಿಕದಿಂದ ಬಾಸ್ ತಂದು ಅಶಿ ಸರೋವರಕ್ಕೆ ಬಿಟ್ಟರು. ಅದು ದೇಶವೆಲ್ಲ ಹಬ್ಬಿತು. 2009ರಲ್ಲಿ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅನ್ನುವವರು ಹಿಡಿದ ಬಾಸ್ 10 ಕಿಲೋ ದಾಟಿ, 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಮಾಡಿದ್ದ ವಿಶ್ವದಾಖಲೆಗೆ ಸಮನಾಗಿ ನಿಂತಿತು. ಆಟದವರಿಗೆ ಹಬ್ಬ. ಆದರೆ ಅದೇ ಬಿವಾದ ಸ್ಥಳೀಯ ಮೀನುಗಳ ಗತಿ ಕೆಟ್ಟು, ಹಿಡಿದ ಬಾಸನ್ನು ವಾಪಸ್ ನೀರಿಗೆ ಬಿಡಬಾರದು ಅಂತ 2003ರಲ್ಲಿ ಅಲ್ಲಿ ನಿಯಮ ತಂದರು. 2005ರಲ್ಲಿ ಇಡೀ ಜಪಾನಿನಲ್ಲಿ ಬಾಸ್ ಆಕ್ರಮಣಕಾರಿ ಜೀವಿಗಳ ಪಟ್ಟಿ ಸೇರಿತು.

ಇದರ ತಿರುವುಮುರುವು ಕಥೆ ಅಮೆರಿಕದಲ್ಲೇ ಇದೆ. 2002ರಲ್ಲಿ ಮೇರಿಲ್ಯಾಂಡ್‌ನ ಕ್ರಾಫ್ಟನ್ ಊರಿನ ಕೊಳದಲ್ಲಿ ನಮ್ಮ ಕೊರಮೀನಿನ ದಾಯಾದಿ ಒಂದು, ಚೀನಾ ಕಡೆಯ ಸ್ನೇಕ್‌ಹೆಡ್, ಸಿಕ್ಕಿತು. ಕೊಳಕ್ಕೆ ವಿಷ ಹಾಕಿ ಮೀನೆಲ್ಲ ಕೊಂದರು. ಎರಡು ವರ್ಷದಲ್ಲಿ ಅದೇ ಜಾತಿ ಪೊಟೊಮ್ಯಾಕ್ ನದಿಯಲ್ಲಿ ಕಾಣಿಸಿಕೊಂಡಿತು. ಈಗ ಅಲ್ಲಿನವರು ಅದನ್ನು ಹಿಡಿಯಲು ಎಸೆಯುವ ಲೂರ್‌ಗಳಲ್ಲಿ ಈ ಚಾಟರ್‌ಬೈಟ್ ಕೂಡ ಒಂದು. ಬಾಸ್ ಇಲ್ಲದ ಕೋಲಾರದಲ್ಲಿ ಕೊರಮೀನಿಗೆ, ಕೊರಮೀನು ಇರಬಾರದ ಅಮೆರಿಕದಲ್ಲಿ ಅದರ ದಾಯಾದಿಗೆ, ಎರಡೂ ಕಡೆ ಒಂದೇ ತಗಡು. ಲೂರ್ ದೇಶ ದಾಟಿ ಬರಲಿ. ಮೀನು ಅದರದರ ನೀರಿನಲ್ಲೇ ಇರಲಿ.

ಕೊನೆಗೆ ದುಡ್ಡಿನ ವಿಷಯ. ಜಾಕ್‌ಹ್ಯಾಮರ್ ಒಂದಕ್ಕೆ ಅಮೆರಿಕದಲ್ಲೇ 15 ಡಾಲರಿಗಿಂತ ಜಾಸ್ತಿ. ಇಲ್ಲಿಗೆ ಬರುವಷ್ಟರಲ್ಲಿ ಇನ್ನೂ ಏರುತ್ತದೆ. ಜಾಲಿ ಮುಳ್ಳಿನ ನಡುವೆ ಅದನ್ನು ಎಸೆಯಲು ಎದೆ ನಡುಗುತ್ತದೆ. ಅಗ್ಗದ ನಕಲುಗಳಿವೆ. ಕೆಲವು ಚೆನ್ನಾಗಿವೆ. ಹೆಚ್ಚಿನವುಗಳಲ್ಲಿ ಹುಕ್ ತೆಳು, ಕೊಂಡಿ ಮೆತ್ತಗೆ. ಎರಡು ಕಿಲೋ ಕೊರಮೀನು ಒಮ್ಮೆ ತಲೆ ಕೊಡವಿದರೆ ಕೊಂಡಿ ಬಿಚ್ಚಿಕೊಂಡು, ತಗಡು ಸಮೇತ ಲೂರ್ ಮೀನಿನ ಬಾಯಲ್ಲೇ ಉಳಿಯುತ್ತದೆ. ಅದು ಮೀನಿಗೂ ಹಿಂಸೆ. ನಕಲು ತಗೊಂಡರೆ ಮನೆಗೆ ಬಂದ ಕೂಡಲೇ ಕೊಂಡಿ ಬದಲಾಯಿಸಿ, ಗಟ್ಟಿಯಾದದ್ದು ಹಾಕಿಕೊಳ್ಳಿ.

ನಾನು ಮತ್ತು ಟಮಕದಲ್ಲಿ ವರ್ಕ್‌ಶಾಪ್ ಇರುವ ಗೆಳೆಯ ಈಗ ತಗಡನ್ನು ನಾವೇ ಕತ್ತರಿಸುತ್ತಿದ್ದೇವೆ. ಅವನ ಹತ್ತಿರ ಸ್ಟೇನ್‌ಲೆಸ್ ಸ್ಟೀಲ್ ಶೀಟಿನ ತುಣುಕುಗಳು ಬೇಕಾದಷ್ಟು ಬಿದ್ದಿರುತ್ತವೆ. ಮೂಲ ತಗಡಿನ ಅಚ್ಚಿಟ್ಟು ಗೆರೆ ಎಳೆದು, ಕತ್ತರಿಸಿ, ಅಂಚು ಉಜ್ಜಿ, ತೂತು ಕೊರೆಯುತ್ತಾನೆ. ತಲೆ ನಾನು ಎರೆಯುತ್ತೇನೆ, 7 ಗ್ರಾಂ, ನಮ್ಮ ಆಳಕ್ಕೆ ತಕ್ಕ ಹಾಗೆ. ವೇಗವಾಗಿ ಎಳೆದರೆ ಚೆನ್ನಾಗಿಯೇ ನಡುಗುತ್ತದೆ. ನಿಧಾನ ಎಳೆದಾಗ ತಗಡು ಏಳುತ್ತಿಲ್ಲ. ಮೇಲಿನ ತೂತು ಅಂಚಿಗೆ ಇನ್ನೂ ಹತ್ತಿರ ಬರಬೇಕು ಅಂತ ಅವನು, ಶೀಟೇ ದಪ್ಪವಾಯಿತು ಅಂತ ನಾನು. ಈ ವಾರ ಎರಡೂ ಥರ ಮಾಡಿ, ತೂಬಿನ ಪಕ್ಕದ ತಿಳಿನೀರಿನಲ್ಲಿ ಎಳೆದು ನೋಡುವುದಿದೆ. ಯಾವುದು ಏಳುತ್ತದೋ ಅದರ ಅಳತೆ, ತೂತಿನ ಜಾಗ ಎಲ್ಲ ಇಲ್ಲೇ ಬರೆದು ಹಾಕುತ್ತೇನೆ. ಹತ್ತಿರದಲ್ಲಿ ವೆಲ್ಡಿಂಗ್ ಶಾಪ್ ಇರುವ ಯಾರು ಬೇಕಾದರೂ ಮಾಡಿಕೊಳ್ಳಬಹುದು.